ಆ ಒಂದು ಸಾಲು ಬಂದಾಗ ಬಾಯಿ ಕಟ್ಟುತ್ತದೆ

ಪ್ರಶ್ನೆ: ನನಗೆ 38 ವರ್ಷ. ಲೆಕ್ಕಪರಿಶೋಧನೆ ನನ್ನ ಕೆಲಸ. ಹುಟ್ಟಿದ್ದು ಕ್ರೈಸ್ತ ಮನೆಯಲ್ಲೇ, ಆದರೆ ಕಾಲೇಜು ದಿನಗಳಲ್ಲಿ ನಂಬಿಕೆ ಕೈಬಿಟ್ಟುಹೋಯಿತು. ಹತ್ತು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಮಣ್ಣು ಮಾಡುವಾಗ ಪಾಸ್ಟರ್ ಓದಿದ, ಯೇಸು ಸತ್ತು ಎದ್ದದ್ದನ್ನು ಹೇಳುವ ಪೌಲನ ಪತ್ರ 1 ಕೊರಿಂಥದ 15ನೇ ಅಧ್ಯಾಯ ತಲೆಯಿಂದ ಹೋಗಲೇ ಇಲ್ಲ. ಅಂದಿನಿಂದ ಓದುತ್ತಿದ್ದೇನೆ, ಭಾನುವಾರದ ಆರಾಧನೆಗೂ ಹೋಗುತ್ತೇನೆ. ಯೇಸು ನಿಜವಾಗಿ ಎದ್ದಿರಬಹುದು ಎಂದು ಮೊದಲ ಸಲ ಅನ್ನಿಸುತ್ತಿದೆ. ನನ್ನ ಪತಿ ನಂಬುವವರಲ್ಲ. "ಅಪ್ಪನನ್ನು ಬಿಟ್ಟುಕೊಡಲಾಗದೆ ಹೀಗೆ ಮಾಡ್ತಿದ್ದೀಯ" ಎನ್ನುತ್ತಾರೆ. ಒಂದೆರಡು ಸಲ ಮನೆಯಲ್ಲಿ ಅಪ್ಪನ ಕೆಮ್ಮು ಕೇಳಿದ ಹಾಗಾಗಿ ತಿರುಗಿ ನೋಡಿದ್ದೂ ಇದೆ. ಶಿಷ್ಯರಿಗೂ ಹೀಗೇ ಆಗಿರಬಹುದಲ್ಲವೇ? ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ವಿಶ್ವಾಸಪ್ರಮಾಣ ಹೇಳುವಾಗ "ಮೂರನೆಯ ದಿನ ಸತ್ತವರೊಳಗಿಂದ ಎದ್ದನು" ಎಂಬಲ್ಲಿ ಸುಮ್ಮನಾಗುತ್ತೇನೆ. ಹೇಳಿದರೆ ಸುಳ್ಳಾಡಿದಂತೆ, ಹೇಳದಿದ್ದರೆ ಹೊರಗಿನವಳಂತೆ. ಏನು ಮಾಡಲಿ?

ಉತ್ತರ: ಮೊದಲು ಆ ಕೆಮ್ಮಿನ ವಿಷಯ. ಹತ್ತಿರದವರನ್ನು ಕಳೆದುಕೊಂಡವರಿಗೆ ಅವರ ದನಿ, ಹೆಜ್ಜೆ ಸಪ್ಪಳ ಕೇಳಿಸುವುದು, ಕೆಲವೊಮ್ಮೆ ಅವರೇ ಕಾಣಿಸುವುದು ಬಹಳ ಸಾಮಾನ್ಯ. ಅದು ಹುಚ್ಚಲ್ಲ, ಹೆದರಬೇಡಿ. ಶಿಷ್ಯರ ಬಗ್ಗೆ ನೀವು ಕೇಳಿದ ಪ್ರಶ್ನೆಯೂ ಹಗುರವಾದದ್ದಲ್ಲ. ಪುನರುತ್ಥಾನವನ್ನು ಒಪ್ಪದ ವಿದ್ವಾಂಸರು ಕೊಡುವ ವಿವರಣೆಗಳಲ್ಲಿ ಗಟ್ಟಿಯಾದದ್ದು ಇದೇ. ಹೆಣ ಕದ್ದರು, ಯೇಸು ಮೂರ್ಛೆ ಹೋಗಿದ್ದ ಎಂಬ ಹಳೆಯ ವಾದಗಳನ್ನು ಇಂದು ಬೆನ್ನಿಗೆ ಕಟ್ಟಿಕೊಳ್ಳುವವರು ಕಡಿಮೆ.

ಆದರೆ ಕೆಮ್ಮು ಕೇಳಿದ ಮೇಲೆ ನೀವು ಏನು ಮಾಡಿದಿರಿ, ಅದನ್ನು ನೋಡಿ. ತಿರುಗಿ ನೋಡಿದಿರಿ. ಅಪ್ಪ ಇಲ್ಲ ಎಂಬುದು ಇನ್ನೊಮ್ಮೆ ಚುಚ್ಚಿತು. ಅಪ್ಪ ಎದ್ದು ಬಂದಿದ್ದಾರೆ ಎಂದು ಯಾರಿಗೂ ಹೇಳಲಿಲ್ಲ. ದುಃಖದ ಇಂಥ ಅನುಭವಗಳು ಸಾಮಾನ್ಯವಾಗಿ ಹೋದವರು ಹೋದರೆಂದೇ ಹೇಳುತ್ತವೆ. ಆ ಕಾಲದ ಯೆಹೂದ್ಯರಿಗೂ ಇಂಥದ್ದಕ್ಕೆ ಬೇರೆ ಮಾತಿತ್ತು. ಅಪೊಸ್ತಲರ ಕೃತ್ಯಗಳು 12ರಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಯೇಸುವಿನ ಶಿಷ್ಯ ಪೇತ್ರ ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಕೆಲಸದ ಹುಡುಗಿ ದನಿ ಗುರುತು ಹಿಡಿದು, ಬಾಗಿಲು ತೆಗೆಯುವುದನ್ನೂ ಮರೆತು ಒಳಗೆ ಓಡುತ್ತಾಳೆ. ಒಳಗಿದ್ದವರು ಏನೆಂದರು? ನಿನಗೆ ಹುಚ್ಚು, ಅದು ಅವನ ದೂತನಿರಬೇಕು ಎಂದರು. ಅವನು ಎದ್ದುಬಂದಿದ್ದಾನೆ ಎನ್ನಲಿಲ್ಲ. ಎದ್ದುಬರುವುದು ಕಡೆಯ ದಿನದಲ್ಲಿ, ಎಲ್ಲರೂ ಒಟ್ಟಿಗೆ ಎಂದೇ ಅವರಲ್ಲಿ ಪುನರುತ್ಥಾನವನ್ನು ನಂಬುತ್ತಿದ್ದವರ ಎಣಿಕೆ. ಯೋಹಾನ 11ರಲ್ಲಿ ಸೋದರನನ್ನು ಕಳೆದುಕೊಂಡ ಮಾರ್ಥಳ ಬಾಯಲ್ಲಿ ಬರುವುದೂ ಅದೇ. ಒಬ್ಬನೇ, ಚರಿತ್ರೆಯ ನಡುವೆ, ಮೈಸಮೇತ ಎದ್ದ ಎಂಬುದು ಅವರ ಆಸೆಯ ಅಚ್ಚಿನಲ್ಲೇ ಇರಲಿಲ್ಲ.

ಇನ್ನಿಬ್ಬರು ಈ ವಿವರಣೆಯೊಳಗೆ ಸುಲಭವಾಗಿ ಕೂರುವುದಿಲ್ಲ. ಪೌಲ ಯೇಸುವಿಗಾಗಿ ಅತ್ತವನಲ್ಲ, ಸಭೆಯನ್ನು ಹಿಂಸಿಸುತ್ತಿದ್ದವನು; ಆಮೇಲೆ ಎದ್ದ ಯೇಸುವನ್ನು ತಾನೂ ಕಂಡೆನೆಂದ. ಯೇಸುವಿನ ತಮ್ಮ ಯಾಕೋಬನದು ಇನ್ನೊಂದು ಬಗೆ. ತಮ್ಮಂದಿರು ಯೇಸುವನ್ನು ನಂಬಿರಲಿಲ್ಲ ಎಂದು ಯೋಹಾನ 7:5 ಹೇಳುತ್ತದೆ. ಮುಂದೆ ಅದೇ ಯಾಕೋಬ ಯೆರೂಸಲೇಮಿನ ಸಭೆಯ ಮುಂದಾಳಾದ. ಕ್ರಿ.ಶ. 62ರ ಸುಮಾರಿಗೆ ಅವನನ್ನು ಕಲ್ಲೆಸೆದು ಕೊಂದದ್ದನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ.

ಈಗ ನಿಮ್ಮ ಕಸುಬಿಗೆ ಬರೋಣ. ಪತ್ರದ ದಿನಾಂಕ ಬೇರೆ, ಅದರೊಳಗಿನ ನಮೂದಿನ ದಿನಾಂಕ ಬೇರೆ ಎಂಬುದು ನಿಮಗೆ ಹೇಳಿಕೊಡಬೇಕಿಲ್ಲ. 1 ಕೊರಿಂಥ ಬರೆದದ್ದು 53 ಮತ್ತು 55ರ ನಡುವೆ, ಎಫೆಸದಿಂದ. ಯೇಸುವನ್ನು ಶಿಲುಬೆಗೆ ಹಾಕಿದ್ದು 30 ಅಥವಾ 33ರಲ್ಲಿ. ಆದರೆ 15ನೇ ಅಧ್ಯಾಯದ 3ನೇ ವಚನದಲ್ಲಿ ಪೌಲ, ತಾನು ಪಡೆದದ್ದನ್ನೇ ನಿಮಗೆ ಒಪ್ಪಿಸಿದೆ ಎನ್ನುತ್ತಾನೆ. ಗುರುವಿನಿಂದ ಶಿಷ್ಯನಿಗೆ ಬಾಯಿಪಾಠವಾಗಿ ದಾಟುವ ಮಾತಿಗೆ ಬಳಸುತ್ತಿದ್ದ ಪದಗಳು ಅವು. ಸತ್ತನು, ಹೂಣಲ್ಪಟ್ಟನು, ಎದ್ದನು, ಕಾಣಿಸಿಕೊಂಡನು: ನಾಲ್ಕು ಕ್ರಿಯಾಪದ. ಪೇತ್ರನ ಹೆಸರೂ ಅಲ್ಲಿ 'ಕೇಫ' ಎಂಬ ಅರಾಮಿಕ್ ರೂಪದಲ್ಲೇ ಉಳಿದಿದೆ. ಗಲಾತ್ಯ 1:18ರ ಪ್ರಕಾರ ಪೌಲ ಮನಸ್ಸು ತಿರುಗಿದ ಮೂರು ವರ್ಷಕ್ಕೆ ಯೆರೂಸಲೇಮಿಗೆ ಹೋಗಿ ಕೇಫನ ಜೊತೆ 15 ದಿನ ಇದ್ದ, ಯಾಕೋಬನನ್ನೂ ಕಂಡ. ಹಾಗಾಗಿ ಈ ನಮೂದು ಘಟನೆಯಾದ ಕೆಲವೇ ವರ್ಷಗಳದ್ದು ಎಂದು ನಂಬದ ವಿದ್ವಾಂಸರಲ್ಲೂ ಬಹಳ ಮಂದಿ ಒಪ್ಪುತ್ತಾರೆ.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ನಂಬದವರೂ ಸಾಮಾನ್ಯವಾಗಿ ಒಪ್ಪುವುದನ್ನು ಬರೆಯಿರಿ: ರೋಮಿನ ಅಧಿಪತಿ ಪಿಲಾತನ ಕೈಕೆಳಗೆ ಮರಣದಂಡನೆ (ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕೂಡ ಬರೆದಿದ್ದಾನೆ), ಕಂಡೆವೆಂಬ ಶಿಷ್ಯರ ಗಟ್ಟಿ ನಂಬಿಕೆ, ಪೌಲನ ತಿರುವು. ಎರಡನೆಯದರಲ್ಲಿ ವಾದ ಇರುವಂಥದ್ದು. ಬರಿದಾದ ಸಮಾಧಿ ಇಲ್ಲಿಗೆ ಸೇರುತ್ತದೆ, ಏಕೆಂದರೆ ಪೌಲನ ಪಟ್ಟಿಯಲ್ಲಿ ಅದರ ನೇರ ಮಾತಿಲ್ಲ. ಆದರೆ ನಾಲ್ಕೂ ಸುವಾರ್ತೆಗಳಲ್ಲಿ ಅದನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷಿ ಬೇಡ ಎಂದು ಜೋಸೆಫಸ್ಸೇ ಬರೆದ ಕಾಲ ಅದು. ಕಟ್ಟುಕಥೆ ಹೆಣೆಯುವವರು ಆ ಹೆಂಗಸರಲ್ಲೊಬ್ಬಳಾದ ಮಗ್ದಲದ ಮರಿಯಳನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ ಎಂಬ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ.

ಮೂರನೆಯ ಕಾಲಂ ಪ್ರಸಂಗಗಳಲ್ಲಿ ಜೋರಾಗಿ ಕೇಳಿಬಂದರೂ ಭಾರ ಹೊರಲಾರದ ವಾದಗಳಿಗೆ. ಅಪೊಸ್ತಲರೆಲ್ಲ ಇದಕ್ಕಾಗಿ ಪ್ರಾಣ ಕೊಟ್ಟರು ಎನ್ನುತ್ತಾರೆ. ಹಳೆಯ, ಬಲವಾದ ಆಧಾರ ಇರುವುದು ಪೇತ್ರ, ಪೌಲ, ಜೆಬೆದಾಯನ ಮಗ ಯಾಕೋಬ, ಯೇಸುವಿನ ತಮ್ಮ ಯಾಕೋಬ, ಇಷ್ಟು ಮಂದಿಯ ಸಾವಿಗೆ. ಉಳಿದವರದು ಬಹುಮಟ್ಟಿಗೆ ಆಮೇಲಿನ ಐತಿಹ್ಯ. ಸಮಾಧಿಯ ಕಾವಲುಗಾರರ ವಿಷಯ ಮತ್ತಾಯನಲ್ಲಿ ಮಾತ್ರ ಇದೆ. ಮಾರ್ಕ 16:9ರಿಂದ 20ರವರೆಗಿನ ಭಾಗ 4ನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ, ಅಲ್ಲಿ ಮಾರ್ಕನ ಸುವಾರ್ತೆ 8ನೇ ವಚನದ ಹೆದರಿಕೆಯಲ್ಲೇ ನಿಲ್ಲುತ್ತದೆ. ಇವನ್ನು ಈಗಲೇ ತಿಳಿದಿರಿ. ಎಷ್ಟೋ ಮಂದಿಯ ನಂಬಿಕೆ ಬೀಳುವುದು ಇಂಥ ಊರುಗೋಲು ಮುರಿದಾಗಲೇ.

ನಾಲ್ಕು ಸುವಾರ್ತೆಗಳ ಕಡೆಯ ಅಧ್ಯಾಯಗಳನ್ನು ಬೇರೆಬೇರೆಯಾಗಿ ಓದಿ, ದಿನಕ್ಕೊಂದು. ದೂತರು ಒಬ್ಬರೋ ಇಬ್ಬರೋ, ಹೆಂಗಸರು ಎಷ್ಟು ಮಂದಿ ಎಂದು ಮೊದಲ ದಿನವೇ ತಾಳೆ ಹಾಕಲು ಕೂತರೆ ಓದು ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೂ ಲೆಕ್ಕ ಪೂರ್ತಿ ಕೂಡುವುದಿಲ್ಲ. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಹೇಳಿದ: ಪವಾಡಕ್ಕಿಂತ ಸಾಕ್ಷಿ ತಪ್ಪಿರುವುದೇ ಯಾವಾಗಲೂ ಹೆಚ್ಚು ಸಂಭವ. ದೇವರಿಲ್ಲ ಎಂದು ಹೊರಟರೆ ಅವನ ಮಾತು ಸರಿ. ದೇವರಿದ್ದರೆ ಪ್ರಶ್ನೆಯೇ ಬದಲಾಗುತ್ತದೆ: ಆ ದೇವರು ಈ ಒಬ್ಬನನ್ನು ಎಬ್ಬಿಸಿದನೇ? ಚರಿತ್ರೆ ನಿಮ್ಮನ್ನು ಹೊಸ್ತಿಲವರೆಗೆ ತಂದು ಬಿಡುತ್ತದೆ. ಅಲ್ಲಿಂದಾಚೆಗೆ ಇರುವುದು ಒಬ್ಬ ವ್ಯಕ್ತಿಯನ್ನು ನಂಬುವ ಕೆಲಸ. ವ್ಯಕ್ತಿಯನ್ನು ಕಡತ ಓದಿ ಮಾತ್ರ ಅರಿಯಲಾಗದು, ಮಾತಾಡಿಸಬೇಕು. ಮಾರ್ಕ 9:24ರಲ್ಲಿ ಮಗನನ್ನು ವಾಸಿಮಾಡೆಂದು ಬಂದ ತಂದೆ ಯೇಸುವಿಗೆ ಕೂಗಿಕೊಂಡನಲ್ಲ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು? ದಿನಕ್ಕೊಮ್ಮೆ, ಬಾಯಿಬಿಟ್ಟು, ಅಷ್ಟೇ ಹೇಳಿ. ಆರು ವಾರ ಬಿಡದೆ ಮಾಡಿ. ಆ ಹೊತ್ತಿನಲ್ಲಿ ಎದೆ ತುಂಬಿ ಬಂತೇ ಇಲ್ಲವೇ ಎಂದು ಅಳೆಯಬೇಡಿ.

ಪತಿಯ ಮಾತಿನಲ್ಲಿ ಅರ್ಧ ನಿಜವಿದೆ. ನಿಮ್ಮನ್ನು ಇಲ್ಲಿಗೆ ಕರೆತಂದದ್ದು ದುಃಖ. ಆದರೆ ಯಾಕೆ ಬಂದಿರಿ ಎಂಬುದರಿಂದ ಕಂಡದ್ದು ನಿಜವೋ ಸುಳ್ಳೋ ತೀರ್ಮಾನವಾಗುವುದಿಲ್ಲ. ಮಗ್ದಲದ ಮರಿಯಳೂ ಸಮಾಧಿಯ ಹತ್ತಿರ ಅಳುತ್ತಲೇ ನಿಂತಿದ್ದಳು. ಎದುರಿಗೆ ನಿಂತ ಯೇಸುವನ್ನು ತೋಟಗಾರ ಎಂದುಕೊಂಡಳು, ಹೆಣ ಎಲ್ಲಿಟ್ಟೆ ಹೇಳು ಎಂದು ಕೇಳಿದಳು. ಅವಳ ಆಸೆ ಬೇಡಿದ್ದು ಹೆಣವನ್ನು.

ನಿಮ್ಮನ್ನು ನೀವೇ ಒರೆಗೆ ಹಚ್ಚಲು ಒಂದು ದಾರಿಯಿದೆ. ಅಪ್ಪನನ್ನು ಮತ್ತೆ ಕಾಣುವ ಮಾತನ್ನು ಒಂದು ಸಂಜೆಯ ಮಟ್ಟಿಗೆ ಪಕ್ಕಕ್ಕಿಡಿ. ಎದ್ದ ಯೇಸು ಕರ್ತನಾದರೆ ನೀವು ಕ್ಷಮಿಸದೆ ಇಟ್ಟುಕೊಂಡವರ ಗತಿಯೇನು, ನಿಮ್ಮ ಹಣದ ಮೇಲೆ ಹಕ್ಕು ಯಾರದು ಎಂದು ಕೇಳಿಕೊಳ್ಳಿ. ಆಗಲೂ ಅವನು ಬೇಕೆನಿಸಿದರೆ, ಇದು ಬರಿಯ ಅಪ್ಪನ ಹಂಬಲವಲ್ಲ. ಅಲ್ಲಿ ಆಸಕ್ತಿ ಬತ್ತಿದರೆ, ಮೊದಲು ಅಪ್ಪನಿಗಾಗಿ ಅಳುವುದು ಬಾಕಿಯಿದೆ ಎಂದರ್ಥ. ಅದಕ್ಕೆ ನಾಚಿಕೊಳ್ಳಬೇಕಿಲ್ಲ. ನಿದ್ದೆ, ಊಟ ಕೆಟ್ಟಿದ್ದರೆ ಆಪ್ತ ಸಮಾಲೋಚಕರನ್ನು ನೋಡಿ, ಆ ಹೊರೆಯನ್ನು ಪ್ರಾರ್ಥನೆಯೊಂದರ ಮೇಲೆ ಹೇರಬೇಡಿ. ಎರಡು ತಿಂಗಳಲ್ಲಿ ಅಪ್ಪನ ವರ್ಷ ತುಂಬುತ್ತದೆ. ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವಂಥ ದೊಡ್ಡ ತೀರ್ಮಾನ ಏನಿದ್ದರೂ ಆ ದಿನ ದಾಟಿದ ಮೇಲೆ ಇಟ್ಟುಕೊಳ್ಳಿ.

ಪತಿಯನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ನೋಟ್‌ಬುಕ್ ಅವರ ಕೈಗೆ ಕೊಟ್ಟು, "ಇದರಲ್ಲಿ ನಿಮಗೆ ಸಡಿಲವಾಗಿ ಕಂಡದ್ದಕ್ಕೆ ಗೆರೆ ಎಳೆಯಿರಿ" ಎನ್ನಿ. ಅವರು ಎಳೆದ ಗೆರೆ ನಿಮಗೂ ಬೇಕು.

ಇನ್ನು ಆ ಸಾಲು. ಸುಮ್ಮನಿರಿ, ಅದು ಸುಳ್ಳಲ್ಲ. ಮತ್ತಾಯ 28:17ರಲ್ಲಿ ಎದ್ದ ಯೇಸುವನ್ನು ಕಂಡು ಅಡ್ಡಬಿದ್ದವರ ನಡುವೆಯೇ ಕೆಲವರು ಸಂಶಯಪಟ್ಟರು ಎಂದಿದೆ. ಅವರನ್ನು ಯೇಸು ಬೇರೆ ನಿಲ್ಲಿಸಲಿಲ್ಲ, ಮುಂದಿನ ಆಜ್ಞೆ ಎಲ್ಲರಿಗೂ ಒಂದೇ. ಪಾಸ್ಟರ್ ಹತ್ತಿರ ಒಂದು ಗಂಟೆ ಕೇಳಿ ಇದನ್ನೇ ಹೇಳಿ. "ಪ್ರಶ್ನೆ ಕೇಳಬಾರದು" ಎಂದರೆ ಸಭೆಯಲ್ಲಿ ಓದಿಕೊಂಡ ಬೇರೆ ಹಿರಿಯರನ್ನು ಹುಡುಕಿ, ಸಭೆ ಬಿಡಬೇಡಿ. ಎದ್ದ ಯೇಸುವನ್ನು ಮೊದಲು ಕಾಣದ ಶಿಷ್ಯ ತೋಮ ನಂಬದೆ ಇದ್ದದ್ದು ಎಂಟು ದಿನ. ಕಂಡೆವೆಂದವರ ನಡುವೆ, ನಾನು ಕಂಡಿಲ್ಲ ಎಂದು ಹೇಳಿಕೊಂಡೇ ಇದ್ದ. ಯಾರೂ ಹೊರಗೆ ಹಾಕಲಿಲ್ಲ, ಅವನೂ ಹೋಗಲಿಲ್ಲ. ಯೇಸು ಬಂದಾಗ ಅವನು ಆ ಕೋಣೆಯಲ್ಲೇ ಇದ್ದ.