ಪಿಕ್ ಲೈನಾ, ಪೋರ್ಟಾ? ಸೋಂಕಿನ ಲೆಕ್ಕ

ಪ್ರಶ್ನೆ: ಅಕ್ಕನಿಗೆ ಮೂರು ವಾರಕ್ಕೊಮ್ಮೆ ಕೀಮೋ, ಒಟ್ಟು ಆರು ತಿಂಗಳು. ಕೈಯಲ್ಲಿ ನರ ಸಿಗುತ್ತಿಲ್ಲ, ಪಿಕ್ ಲೈನ್ ಅಥವಾ ಪೋರ್ಟ್ ಹಾಕಿಸಿ ಎಂದಿದ್ದಾರೆ. ಪಕ್ಕದ ಹಾಸಿಗೆಯವರಿಗೆ ಎದೆಯಲ್ಲಿ ಹಿಕ್‌ಮನ್ ಲೈನ್ ಇತ್ತು, ನಂಜಾಗಿ ಅದನ್ನು ತೆಗೆದರು. ಅಂದಿನಿಂದ ಅಕ್ಕನಿಗೆ ಭಯ. ಮೂರರಲ್ಲಿ ಸೋಂಕು ಕಡಿಮೆ ಯಾವುದಕ್ಕೆ?

ಉತ್ತರ: ಅಕ್ಕನ ಲೆಕ್ಕಕ್ಕೆ ಪೋರ್ಟ್. ಆದರೆ ಏಕೆ ಅನ್ನುವುದು ಗೊತ್ತಿರಲಿ, ಇದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ.

ಮೂರೂ ರಕ್ತನಾಳಕ್ಕೆ ಔಷಧಿ ಹಾಯಿಸುವ ತೆಳು ಕೊಳವೆಗಳೇ (ಕ್ಯಾತಿಟರ್), ಮೂರರ ಒಳತುದಿಯೂ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲೇ ಇರುತ್ತದೆ. ವ್ಯತ್ಯಾಸ ಇರುವುದು ಹೊರಗಿನ ತುದಿಯಲ್ಲಿ. ಪಿಕ್ ಲೈನ್ ತೋಳಿನಿಂದ ಒಳಗೆ ಹೋಗುತ್ತದೆ, ಅದರ ಬಾಲ ಯಾವಾಗಲೂ ಹೊರಗೇ. ಹಿಕ್‌ಮನ್ ಎದೆಯ ಚರ್ಮದ ಕೆಳಗೆ ಸ್ವಲ್ಪ ದೂರ ಹೋಗಿ ಆಮೇಲೆ ರಕ್ತನಾಳ ಸೇರುತ್ತದೆ. ಚರ್ಮದ ಕೆಳಗಿನ ಭಾಗದಲ್ಲಿ ಅದಕ್ಕೊಂದು ಬಟ್ಟೆಯಂಥ ಪಟ್ಟಿ ಇದೆ, ಕೆಲವು ವಾರಗಳಲ್ಲಿ ಮಾಂಸ ಅದಕ್ಕೆ ಅಂಟಿ ಬೆಳೆದು ರೋಗಾಣುಗಳಿಗೆ ದಾರಿ ಮುಚ್ಚುತ್ತದೆ. ಆದರೂ ಬಾಲ ಹೊರಗೇ ಇದೆ ಅಲ್ವಾ? ಪೋರ್ಟ್ ಅಂದರೆ ಕೊಳವೆಗೆ ಜೋಡಿಸಿದ ಪುಟ್ಟ ಡಬ್ಬಿ, ಅದು ಪೂರ್ತಿ ಚರ್ಮದ ಒಳಗೆ. ಬೇಕಾದಾಗ ವಿಶೇಷ ಸೂಜಿ ಚುಚ್ಚುತ್ತಾರೆ, ಕೆಲಸ ಮುಗಿದ ಮೇಲೆ ಸೂಜಿ ಹೊರಗೆ, ಚರ್ಮವೇ ಬಾಗಿಲು.

ಸೋಂಕನ್ನು ಅಳೆಯುವುದು 1000 ಕ್ಯಾತಿಟರ್ ದಿನಗಳ ಲೆಕ್ಕದಲ್ಲಿ. ಅಂದರೆ ಹತ್ತು ಜನ ತಲಾ ನೂರು ದಿನ ಇಟ್ಟುಕೊಂಡರೆ ಎಷ್ಟು ಸಲ ರಕ್ತಕ್ಕೆ ಸೋಂಕಾಯಿತು ಅಂತ. 2006ರಲ್ಲಿ 200 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪೋರ್ಟ್‌ಗೆ ಸುಮಾರು 0.1, ಹಿಕ್‌ಮನ್ ಥರದ್ದಕ್ಕೆ 1.6 ಬಂತು. ಪಿಕ್‌ಗೆ ಎರಡು ಅಂಕಿ: ಮನೆಯಲ್ಲಿ ಇರುವವರಿಗೆ 1, ಆಸ್ಪತ್ರೆಯಲ್ಲಿ ಮಲಗಿದವರಿಗೆ 2.1. ಲೈನ್ ಅದೇ, ಇರುವ ಜಾಗ ಬೇರೆ, ಸೋಂಕು ದುಪ್ಪಟ್ಟು! ನನಗೆ ಈ ಅಂಕಿಯೇ ಹೆಚ್ಚು ಮಾತಾಡುತ್ತದೆ.

ಹಾಗಂತ 0.1 ನೋಡಿ ಪೋರ್ಟ್ ಹದಿನಾರು ಪಟ್ಟು ಒಳ್ಳೆಯದು ಅನ್ನಬೇಡಿ. ಪೋರ್ಟ್ ಇರುವವರು ಹೆಚ್ಚಾಗಿ ಓಡಾಡಿಕೊಂಡು ಇರುವವರು, ವಾರಗಟ್ಟಲೆ ಅದನ್ನು ಮುಟ್ಟುವುದೇ ಇಲ್ಲ. ಹಿಕ್‌ಮನ್ ಹಾಕುವುದು ಹೆಚ್ಚಾಗಿ ಮಜ್ಜೆ ಕಸಿಯಂಥ ಕಷ್ಟದ ಚಿಕಿತ್ಸೆಯಲ್ಲಿರುವವರಿಗೆ, ಬಿಳಿ ರಕ್ತಕಣಗಳು ಇಳಿದುಹೋಗಿರುತ್ತವೆ, ದಿನಕ್ಕೆ ಹತ್ತು ಸಲ ಲೈನ್ ತೆರೆಯುತ್ತಾರೆ. ಪಕ್ಕದ ಹಾಸಿಗೆಯವರ ಕಥೆಯೂ ಹೀಗೇ ಇರಬಹುದು. ಬ್ರಿಟನ್ನಿನಲ್ಲಿ ಕೀಮೋ ರೋಗಿಗಳಿಗೆ ಯಾವ ಲೈನ್ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿ ನೋಡಿದರು, ಫಲಿತಾಂಶ 2021ರಲ್ಲಿ ಬಂತು. ಸೋಂಕು, ರಕ್ತ ಹೆಪ್ಪುಗಟ್ಟುವುದು, ಲೈನ್ ಕೆಡುವುದು ಎಲ್ಲ ಸೇರಿ ತೊಂದರೆಯಾದವರು ಪೋರ್ಟ್‌ನಲ್ಲಿ 32%, ಪಿಕ್‌ನಲ್ಲಿ 47%. ಅಂತರ ಚಿಕ್ಕದಾಯಿತು, ಗೆದ್ದದ್ದು ಪೋರ್ಟೇ.

ಅಕ್ಕನಿಗೆ ಮೂರು ವಾರಕ್ಕೊಮ್ಮೆ ಮಾತ್ರ ಬೇಕು, ಅದಕ್ಕೇ ಪೋರ್ಟ್ ಅಂದೆ. ಪಿಕ್ ಆದರೆ ಔಷಧಿ ಇಲ್ಲದ ವಾರದಲ್ಲೂ ಡ್ರೆಸ್ಸಿಂಗ್ ಬದಲಿಸಬೇಕು, ಫ್ಲಶ್ ಮಾಡಬೇಕು, ಅಂದರೆ ಉಪ್ಪುನೀರು ಹಾಯಿಸಿ ಲೈನ್ ತೊಳೆಯಬೇಕು. ಹಾಕಲು, ತೆಗೆಯಲು ಚಿಕ್ಕ ಆಪರೇಷನ್ ಬೇಕು ಅನ್ನುವುದು ಪೋರ್ಟ್‌ನ ಮುಖ್ಯ ತಕರಾರು.

ಪ್ರಶ್ನೆ: ನನಗೆ ಕರುಳಿನ ತೊಂದರೆ, ಪ್ರತಿ ರಾತ್ರಿ ಹಿಕ್‌ಮನ್ ಮೂಲಕ ಪೋಷಣೆಯ ಡ್ರಿಪ್. ಪೋರ್ಟ್‌ಗೆ ಬದಲಾಯಿಸಿದರೆ ಸೋಂಕು ಕಡಿಮೆಯಾಗುತ್ತದಾ?

ಉತ್ತರ: ಸುಮ್ನೆ ಬದಲಾಯಿಸಬೇಡಿ. ದಿನಾ ಬಳಸಬೇಕಾದರೆ ಪೋರ್ಟ್‌ನಲ್ಲೂ ಸೂಜಿ ದಿನವಿಡೀ ನೆಟ್ಟೇ ಇರುತ್ತದೆ, ವಾರಕ್ಕೊಮ್ಮೆ ಬದಲಿಸುತ್ತಾರೆ. ಆಗ ಮುಚ್ಚಿದ ಚರ್ಮ ಎಲ್ಲಿ ಬಂತು? ಮೇಲಾಗಿ ಪೋರ್ಟ್‌ನ ಸುತ್ತ ಕೀವಾದರೆ ಮತ್ತೆ ಕತ್ತರಿಸಿ ತೆಗೆಯಬೇಕು. ಸಕ್ಕರೆ, ಕೊಬ್ಬು ತುಂಬಿದ ಈ ಡ್ರಿಪ್ ರೋಗಾಣುಗಳಿಗೂ ಊಟವೇ, ಆದ್ದರಿಂದ ನಿಮ್ಮ ಶ್ರಮವೆಲ್ಲ ಲೈನ್‌ನ ಹೊರತುದಿಯ ಕ್ಯಾಪ್‌ನ ಮೇಲಿರಲಿ. ಕೈ ತೊಳೆದು, ಸ್ಪಿರಿಟ್ ಹಚ್ಚಿದ ಪ್ಯಾಡ್‌ನಿಂದ 15 ಸೆಕೆಂಡು ಗಟ್ಟಿಯಾಗಿ ತಿಕ್ಕಿ, ಒಣಗಲು ಬಿಡಿ. ಒಣಗುವ ಮೊದಲೇ ಸಿಕ್ಕಿಸುವವರೇ ಜಾಸ್ತಿ! ಆದರೂ ಸೋಂಕು ಮರುಕಳಿಸುತ್ತಿದ್ದರೆ ಟಾರೊಲಿಡಿನ್ ಲಾಕ್ ಬಗ್ಗೆ ಡಾಕ್ಟರನ್ನು ಕೇಳಿ. ಡ್ರಿಪ್ ಮುಗಿದ ಮೇಲೆ ಲೈನ್ ಒಳಗೆ ತುಂಬಿಡುವ ದ್ರವ ಅದು.

ಫ್ಲಶ್ ಮಾಡಿದ ಸ್ವಲ್ಪ ಹೊತ್ತಿಗೆ ನಡುಕ, ಚಳಿಜ್ವರ ಬಂದರೆ ಲೈನ್ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಹೊರಗೆ ಕೆಂಪಿಲ್ಲ, ಕೀವಿಲ್ಲ ಅಂತ ಕಾಯಬೇಡಿ, ಕೊಳವೆಯ ಒಳಗೋಡೆಗೆ ಅಂಟಿದ ರೋಗಾಣು ಹೊರಗೆ ಕಾಣುವುದಿಲ್ಲ. ಅಲ್ಲಿ ಆಂಟಿಬಯೋಟಿಕ್ ಶುರುಮಾಡುವ ಮೊದಲು ಲೈನ್‌ನಿಂದ ಒಮ್ಮೆ, ಕೈಯಿಂದ ಒಮ್ಮೆ, ಎರಡೂ ಕಡೆ ರಕ್ತ ತೆಗೆದು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದರಾ ಅಂತ ಕೇಳಿ. ಲೈನ್‌ನ ರಕ್ತದಲ್ಲಿ ರೋಗಾಣು ಕೈಯ ರಕ್ತಕ್ಕಿಂತ ಎರಡು ಗಂಟೆ ಅಥವಾ ಇನ್ನೂ ಮುಂಚೆ ಬೆಳೆದು ಕಂಡರೆ ತಪ್ಪು ಲೈನ್‌ನದ್ದೇ ಅನ್ನುವುದಕ್ಕೆ ಬಲವಾದ ಸುಳಿವು.