ಶ್ರೀಲಂಕಾ ಮತ್ತು ಮಾಲ್ಡೀವ್ಸ್: ಅಕ್ಕಪಕ್ಕದ ಎರಡು ದೇಶಗಳು ಇಷ್ಟೊಂದು ಬೇರೆಯಾದದ್ದು ಹೇಗೆ?

ತಮ್ಮ ಪ್ರಶ್ನೆ ಇದು: ಶ್ರೀಲಂಕಾ ಮತ್ತು ಮಾಲ್ಡೀವ್ಸ್ ಎರಡೂ ಭಾರತದ ನೆರೆಯ ದ್ವೀಪರಾಷ್ಟ್ರಗಳು, ಸಿಂಹಳ ಮತ್ತು ದಿವೇಹಿ ಭಾಷೆಗಳ ಮೂಲ ಒಂದೇ, ಒಂದು ಕಾಲಕ್ಕೆ ಎರಡೂ ಕಡೆ ಬೌದ್ಧಧರ್ಮವಿತ್ತು, ಹಾಗಿದ್ದೂ ಇಂದು ಅಲ್ಲಿನ ಬದುಕು, ಧರ್ಮ, ಲಿಪಿ, ಊಟ ಎಲ್ಲವೂ ಬೇರೆಯಾಗಿರಲು ಕಾರಣವೇನು? ಪದವಿಪೂರ್ವ ತರಗತಿಗಳಿಗೆ ಬಹುಕಾಲ ಭೂಗೋಳ ಪಾಠ ಹೇಳಿದವನು ನಾನು. ಹಾಗಾಗಿ ನನ್ನ ಉತ್ತರ ನೆಲದಿಂದಲೇ ಶುರುವಾಗುತ್ತದೆ. ಬಿದ್ದ ಮಳೆ ಎಲ್ಲಿ ನಿಲ್ಲುತ್ತದೆ ಎಂಬ ಒಂದು ಸಂಗತಿಯೇ ಈ ಎರಡು ದೇಶಗಳನ್ನು ಮೊದಲು ಬೇರೆಬೇರೆ ದಾರಿಗೆ ಹಚ್ಚಿತೆಂದು ನಾನು ತಿಳಿದಿದ್ದೇನೆ.

ಶ್ರೀಲಂಕಾ ಭಾರತದ ಭೂಖಂಡದಿಂದ ನಿಜವಾಗಿ ಬೇರ್ಪಟ್ಟ ನೆಲವಲ್ಲ. ಧನುಷ್ಕೋಟಿಯಿಂದ ತಲೈಮನ್ನಾರಿಗೆ ಸುಮಾರು 30 ಕಿ.ಮೀ. ದೂರ, ನಡುವಿನ ಸಮುದ್ರ ಎಷ್ಟು ಆಳವಿಲ್ಲದ್ದೆಂದರೆ, ಹಿಮಯುಗದಲ್ಲಿ ಸಮುದ್ರಮಟ್ಟ ಇಳಿದಿದ್ದಾಗ ಅದೆಲ್ಲ ಒಣನೆಲವೇ ಆಗಿತ್ತು. ಸುಮಾರು 65,610 ಚದರ ಕಿ.ಮೀ. ವಿಸ್ತಾರದ ಈ ದ್ವೀಪದ ನಡುವೆ 2,524 ಮೀಟರ್ ಎತ್ತರದ ಪಿದುರುತಲಾಗಲ ಶಿಖರವಿರುವ ಬೆಟ್ಟಸಾಲು ಇದೆ, ಅದರ ಬಂಡೆಗಳು ದಕ್ಷಿಣ ಭಾರತದ ಬಂಡೆಗಳಷ್ಟೇ ಪ್ರಾಚೀನವಾದವು. ಮಾಲ್ಡೀವ್ಸ್ ಹುಟ್ಟಿದ ಬಗೆ ಬೇರೆ. ದಖ್ಖನ್ನಿನ ಲಾವಾ ಪದರಗಳನ್ನು, ಅಂದರೆ ನಮ್ಮ ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪುಮಣ್ಣಿಗೆ ಮೂಲವಾದ ಕಲ್ಲನ್ನು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಗುಳಿದ ಭೂಗರ್ಭದ ಬಿಸಿತಾಣದ ಮೇಲೆಯೇ ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಾಗ ಸಮುದ್ರದಡಿ ಜ್ವಾಲಾಮುಖಿಗಳ ಉದ್ದನೆಯ ದಿಣ್ಣೆಯೊಂದು ಎದ್ದಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಇರುವುದು ಆ ದಿಣ್ಣೆಯ ಮೇಲೆ. ಕಾಲಾಂತರದಲ್ಲಿ ಜ್ವಾಲಾಮುಖಿಗಳು ಕುಸಿದು ಮುಳುಗಿದವು, ಅವುಗಳ ಮೇಲೆ ಹವಳ ಬೆಳೆಯುತ್ತ ಬಂದಿತು. ಹೀಗಾಗಿ ಮಾಲ್ಡೀವ್ಸ್‌ನ ಮೇಲ್ಮೈಯಲ್ಲಿ ಹವಳದ ಚೂರು ಮತ್ತು ಮರಳಿನ ಹೊರತು ಬೇರೆ ಕಲ್ಲಿಲ್ಲ, ಹೊಳೆಯಿಲ್ಲ, ಗುಡ್ಡವಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 870 ಕಿ.ಮೀ. ಉದ್ದಕ್ಕೆ ಸುಮಾರು 1,190 ದ್ವೀಪಗಳು ಅಟಾಲ್‌ಗಳೆಂಬ ಉಂಗುರಗಳಾಗಿ ಹರಡಿವೆ; ಒಟ್ಟು ನೆಲ ಮಾತ್ರ 300 ಚದರ ಕಿ.ಮೀ. ಆಸುಪಾಸು, ಮತ್ತು ಅತ್ಯಂತ ಎತ್ತರದ ಸಹಜ ಜಾಗವೂ ಸಮುದ್ರಮಟ್ಟದಿಂದ ಸುಮಾರು 2.4 ಮೀಟರ್ ಅಷ್ಟೇ.

ಮಳೆಯ ಕೊರತೆ ಎರಡೂ ಕಡೆ ಇಲ್ಲವೆಂಬುದನ್ನು ಗಮನಿಸಬೇಕು. ಮಾಲ್ಡೀವ್ಸ್‌ನಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆಯಾಗುತ್ತದೆ, ಆದರೆ ಅದನ್ನು ಹಿಡಿದಿಡಲು ಕಣಿವೆಯಾಗಲಿ, ಜೇಡಿಮಣ್ಣಿನ ಪದರವಾಗಲಿ ಇಲ್ಲ. ಮರಳಿನಲ್ಲಿ ಇಂಗಿದ ಸಿಹಿನೀರು ಸಮುದ್ರದ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ದ್ವೀಪ ಅಗಲವಾಗಿದ್ದರೆ ಪದರ ದಪ್ಪ, ಕಿರಿದಾಗಿದ್ದರೆ ತೆಳು. ಒಂದೆರಡು ಮೀಟರ್ ತೋಡಿದರೆ ಬಾವಿಗೆ ನೀರು ಬರುತ್ತದೆ. ಅವಸರದಿಂದ ಹೆಚ್ಚು ಎತ್ತಿದರೆ ಅಡಿಯಿಂದ ಉಪ್ಪು ಏರಿಬರುತ್ತದೆ. ಇಂಥ ನೆಲದಲ್ಲಿ ತೆಂಗು, ಬೇರುಹಲಸು, ಒಂದಿಷ್ಟು ಕೆಸು, ಕಿರುಧಾನ್ಯ ಬೆಳೆದಾವು. ಭತ್ತದ ಗದ್ದೆ ಆಗದ ಮಾತು. ಅನ್ನ ಬೇಕೆಂದರೆ ಅಕ್ಕಿ ಸಮುದ್ರದಾಚೆಯಿಂದಲೇ ಬರಬೇಕು, ಬರುವುದು ಪುಕ್ಕಟೆಯಾಗಿಯೂ ಅಲ್ಲ.

ಶ್ರೀಲಂಕಾದ ಸಮಸ್ಯೆ ಇದಕ್ಕೆ ವಿರುದ್ಧವಾದದ್ದು. ಮುಂಗಾರು ಮಳೆಯನ್ನು ನಡುಬೆಟ್ಟಗಳು ತಡೆದು ನೈಋತ್ಯ ಭಾಗಕ್ಕೆ ಸುರಿಸಿಬಿಡುತ್ತವೆ. ಉತ್ತರ ಮತ್ತು ಪೂರ್ವದ ವಿಶಾಲ ಬಯಲಿಗೆ ಮುಖ್ಯವಾಗಿ ಸಿಗುವುದು ಹಿಂಗಾರು, ಅದೂ ಕೆಲವೇ ತಿಂಗಳು. ಉಳಿದ ಕಾಲವೆಲ್ಲ ಬಿಸಿಲು. ಅಲ್ಲಿನ ರೈತರು ಹಿಂಗಾರಿನ ಬೆಳೆಯನ್ನು ಮಹಾ ಎಂದೂ ಮುಂಗಾರಿನ ಬೆಳೆಯನ್ನು ಯಾಲ ಎಂದೂ ಕರೆಯುತ್ತಾರೆ, ಒಣಬಯಲಿನಲ್ಲಿ ಮಹಾ ಬೆಳೆಯೇ ದೊಡ್ಡದು. ಅಚ್ಚರಿಯೆಂದರೆ ಪ್ರಾಚೀನ ರಾಜಧಾನಿ ಅನುರಾಧಪುರ ಎದ್ದು ನಿಂತದ್ದು ಈ ಒಣಬಯಲಿನಲ್ಲಿಯೇ. ಕೆರೆ ಕಟ್ಟಲು ಬೇಕಾದ ಗಟ್ಟಿ ನೆಲ ಮತ್ತು ಸಮನಾದ ಇಳಿಜಾರು ಅಲ್ಲಿದ್ದವು. 5ನೆಯ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ ಕಲಾವೆವ ಎಂಬ ಕೆರೆಯಿಂದ ಅನುರಾಧಪುರಕ್ಕೆ ಸುಮಾರು 87 ಕಿ.ಮೀ. ಉದ್ದದ ಕಾಲುವೆ ಹರಿಯುತ್ತದೆ. ಕೆಲವು ಭಾಗಗಳಲ್ಲಿ ಅದರ ಇಳಿಜಾರು ಕಿಲೋಮೀಟರಿಗೆ ಸುಮಾರು 10 ಸೆಂ.ಮೀ. ಮಾತ್ರ.

ಕೆರೆ, ಏರಿ, ಕೋಡಿ ಬಲ್ಲ ಕನ್ನಡಿಗರಿಗೆ ಇದೆಲ್ಲ ಪರಿಚಿತ ಲೋಕವೇ. ಆದರೆ ಸಿಂಹಳ ಕೆರೆಗಳ ತೂಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಏರಿಯ ಒಳಮೈಗೆ ಅಂಟಿಕೊಂಡಂತೆ, ಕಲ್ಲು ಇಟ್ಟಿಗೆಗಳಿಂದ ಕಟ್ಟಿದ ಚೌಕಾಕಾರದ ಬಾವಿಯೊಂದು ಇರುತ್ತದೆ, ಅದಕ್ಕೆ ಬಿಸೊಕೊಟುವ ಎಂದು ಹೆಸರು. ಕೆರೆಯ ನೀರು ಮೊದಲು ಈ ಬಾವಿಗೆ ನುಗ್ಗಿ, ಅದರ ಅಗಲದಲ್ಲಿ ವೇಗ ಕಳೆದುಕೊಂಡು, ಅಲ್ಲಿಯೇ ಹತೋಟಿಗೆ ಒಳಗಾಗಿ, ಆಮೇಲೆ ಏರಿಯ ಅಡಿಯ ಕಲ್ಲುಗಾಲುವೆಯ ಮೂಲಕ ಗದ್ದೆಗೆ ಹೋಗುತ್ತದೆ. ನೀರಿನ ಒತ್ತಡ ನೇರವಾಗಿ ಏರಿಯ ಮಣ್ಣನ್ನು ಕೊರೆಯುವುದಿಲ್ಲವಾದ್ದರಿಂದ ಏರಿಯನ್ನು ಎಷ್ಟೋ ಎತ್ತರಕ್ಕೆ ಕಟ್ಟಬಹುದಾಯಿತು. 19ನೆಯ ಶತಮಾನದ ಬ್ರಿಟಿಷ್ ನೀರಾವರಿ ಎಂಜಿನಿಯರ್ ಹೆನ್ರಿ ಪಾರ್ಕರ್ ಇದನ್ನು ಪರಿಶೀಲಿಸಿ, ನೀರು ಬಿಡುವುದನ್ನು ಹತೋಟಿಯಲ್ಲಿಡುವ ಇಂದಿನ ಕವಾಟಗೋಪುರದ ಕೆಲಸವನ್ನೇ ಇದು ಮಾಡುತ್ತಿತ್ತೆಂದು ತೋರಿಸಿದ.

ಇಂಥ ಕೆರೆಜಾಲವನ್ನು ಕಟ್ಟಿ ಕಾಪಾಡಲು ಕಂದಾಯ, ಆಳುಬಲ, ದಾಖಲೆ, ಸ್ಥಿರವಾದ ರಾಜಸತ್ತೆ ಎಲ್ಲವೂ ಬೇಕು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನ ಕಾಲದ ಮಹಿಂದ ಥೇರ ಎಂಬ ಭಿಕ್ಷು ತಂದ ಬೌದ್ಧಧರ್ಮ ಇಲ್ಲಿ ಬೇರೂರಿದ್ದಕ್ಕೆ ಒಂದು ದೊಡ್ಡ ಕಾರಣ, ವಿಹಾರಗಳಿಗೆ ಕೆರೆಗಳೂ ಗದ್ದೆಗಳೂ ದತ್ತಿಯಾಗಿ ಸಿಕ್ಕು ಭಿಕ್ಷುಗಳ ಸಂಘವೇ ನೆಲದ ಒಡೆಯನಾದದ್ದು. ಹಾಗಾಗಿ ಹೊರಗಿನಿಂದ ಎಷ್ಟು ದಾಳಿಗಳಾದರೂ ಆ ಧರ್ಮ ಅಲ್ಲಾಡಲಿಲ್ಲ. 993ರ ಸುಮಾರಿಗೆ ರಾಜರಾಜ ಚೋಳನ ಸೈನ್ಯ ಅನುರಾಧಪುರವನ್ನು ಹಾಳುಗೆಡವಿತು. ರಾಜಧಾನಿ ಪೊಲನ್ನರುವಕ್ಕೆ ಸರಿದು, 12ನೆಯ ಶತಮಾನದಲ್ಲಿ ಒಂದನೆಯ ಪರಾಕ್ರಮಬಾಹುವಿನ ಕಾಲಕ್ಕೆ ಕೆರೆಗಳು ಮತ್ತೆ ತುಂಬಿದವು. 13ನೆಯ ಶತಮಾನದ ನಂತರ ಒಣಬಯಲು ಬರಿದಾಗಿ ಜನ ನೈಋತ್ಯಕ್ಕೆ ಇಳಿದುಹೋದಾಗಲೂ ಬುದ್ಧನ ದಂತಧಾತು ರಾಜರ ಜೊತೆಗೇ ಊರೂರು ಸಾಗಿ, ಕೊನೆಗೆ ಕ್ಯಾಂಡಿಯಲ್ಲಿ ನೆಲೆಸಿತು.

ಅದೇ ರಾಜರಾಜನ ಶಾಸನಗಳು ಸಮುದ್ರದ ನಡುವಿನ ಹನ್ನೆರಡು ಸಾವಿರ ಪ್ರಾಚೀನ ದ್ವೀಪಗಳನ್ನು ಗೆದ್ದ ಮಾತನ್ನೂ ಹೇಳುತ್ತವೆ, ಅವು ಮಾಲ್ಡೀವ್ಸ್ ಎಂದೇ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆಗ ಅಲ್ಲಿಯೂ ಬೌದ್ಧ ಸ್ತೂಪಗಳಿದ್ದವು, ಹವಳದ ಕಲ್ಲಿನಲ್ಲಿ ಕೊರೆದ ಬುದ್ಧನ ಶಿರಗಳು ಉತ್ಖನನಗಳಲ್ಲಿ ಸಿಕ್ಕಿವೆ. ಆದರೆ ಗದ್ದೆಯಿಲ್ಲದ ನೆಲದಲ್ಲಿ ವಿಹಾರಕ್ಕೆ ಆಧಾರವಾಗಬಲ್ಲ ಕೃಷಿ ಆದಾಯವಾದರೂ ಎಲ್ಲಿತ್ತು? ದ್ವೀಪಗಳ ಸಂಪತ್ತೆಲ್ಲ ಹಡಗಿನಲ್ಲಿ ಹೋಗುವಂಥದ್ದು: ಕವಡೆ, ತೆಂಗಿನ ನಾರು, ಒಣಮೀನು. ಬಂಗಾಳದಲ್ಲಿ ನಾಣ್ಯವಾಗಿ ಚಲಾವಣೆಯಲ್ಲಿದ್ದ ಕವಡೆ ಬಹುಪಾಲು ಹೋಗುತ್ತಿದ್ದದ್ದು ಮಾಲ್ಡೀವ್ಸ್‌ನಿಂದಲೇ. ಆ ವ್ಯಾಪಾರ ಅರಬ್ ಮತ್ತು ಪರ್ಷಿಯನ್ ವರ್ತಕರ ಹಿಡಿತಕ್ಕೆ ಬಂದ ಕಾಲದಲ್ಲಿ, 1153ರಲ್ಲಿ, ಅಲ್ಲಿನ ಅರಸ ಇಸ್ಲಾಂ ಸ್ವೀಕರಿಸಿದ. ಸಮುದ್ರದ ಭೂತವನ್ನು ಒಬ್ಬ ಸಂತ ಓಡಿಸಿದ್ದರಿಂದ ಮತಾಂತರವಾಯಿತೆಂಬ ಜನಪ್ರಿಯ ಕಥೆಯಿದೆ. ಕಥೆ ಸೊಗಸಾಗಿದೆ, ಆದರೆ ನಾನು ಹೆಚ್ಚು ಬೆಲೆ ಕೊಡುವುದು ಆ ಶತಮಾನದ ಕೊನೆಯ ತಾಮ್ರಪಟಗಳಿಗೆ. ಮಸೀದಿಗಳಿಗೆ ದತ್ತಿ ಬಿಟ್ಟ ವಿವರವಿರುವ ಆ ಪಟಗಳನ್ನು ಓದಿದರೆ, ದಕ್ಷಿಣದ ಅಟಾಲ್‌ಗಳಲ್ಲಿ ಬೌದ್ಧಧರ್ಮ ಇನ್ನೂ ಕೆಲವು ದಶಕ ಉಳಿದಿತ್ತು, ಅದನ್ನು ರಾಜಾಜ್ಞೆಯಿಂದಲೇ ಕೊನೆಗಾಣಿಸಲಾಯಿತು ಎಂಬುದು ಸ್ಪಷ್ಟವಾಗುತ್ತದೆ.

ಎರಡೂ ದೇಶಗಳನ್ನು ಒಂದೇ ಪ್ರವಾಸದಲ್ಲಿ ಕಂಡು ಬರೆದಿಟ್ಟವನು ಇಬ್ನ್ ಬತೂತ. 1343–44ರಲ್ಲಿ ಆತ ಮಾಲ್ಡೀವ್ಸ್‌ನಲ್ಲಿ ಖಾಜಿಯಾಗಿದ್ದ. ಆಗ ಅಲ್ಲಿ ಆಳುತ್ತಿದ್ದವಳು ಖದೀಜಾ ಎಂಬ ಸುಲ್ತಾನಾ. ಸ್ತ್ರೀಯೊಬ್ಬಳ ಆಳ್ವಿಕೆಯೇ ಆತನಿಗೆ ಬೆರಗು. ಹೆಂಗಸರು ಮೇಲ್ಮೈಗೆ ಬಟ್ಟೆ ಹೊದೆಯುವಂತೆ ಮಾಡಲು ಎಷ್ಟು ಯತ್ನಿಸಿದರೂ ತನ್ನಿಂದಾಗಲಿಲ್ಲವೆಂದು ಆತ ಬರೆದುಕೊಂಡಿದ್ದಾನೆ. ಧರ್ಮ ಬದಲಾದ ಮಾತ್ರಕ್ಕೆ ಬದುಕಿನ ರೀತಿ ಕೂಡಲೇ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಲ್ಲಿಂದ ಆತ ಸಿಂಹಳಕ್ಕೆ ಹೋಗಿ ಶ್ರೀಪಾದ ಬೆಟ್ಟ ಹತ್ತಿದ. 2,243 ಮೀಟರ್ ಎತ್ತರದ ಆ ಶಿಖರದ ಮೇಲಿನ ಪಾದದ ಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಡಿಸೆಂಬರ್ ಹುಣ್ಣಿಮೆಯಿಂದ ವೈಶಾಖ ಹುಣ್ಣಿಮೆಯವರೆಗೆ ಜನ ಈಗಲೂ ಹತ್ತುತ್ತಾರೆ.

ಭಾಷೆಯ ವಿಚಾರದಲ್ಲಿ ತಾವು ಹೇಳಿದ್ದು ಸರಿಯಾಗಿದೆ. ಸಿಂಹಳದ ನಾಲ್ಕು, ಐದು, ಆರು ಹತರ, ಪಹ, ಹಯ ಆದರೆ ದಿವೇಹಿಯಲ್ಲಿ ಅವು ಹತರೆ, ಫಹೆ, ಹಯೆ ಎಂಬಂತೆ ಕೇಳಿಸುತ್ತವೆ. ಲಿಪಿಗೆ ಬಂದರೆ ಮಾತ್ರ ನೆಂಟಸ್ತಿಕೆ ಮುರಿದುಬೀಳುತ್ತದೆ. ಸಿಂಹಳ ಲಿಪಿ ಬ್ರಾಹ್ಮಿಯ ಸಂತತಿ, ಅದರ ದುಂಡಗಿನ ಅಕ್ಷರಗಳು ನಮ್ಮ ಕಣ್ಣಿಗೆ ಹೊಸದೆನಿಸುವುದಿಲ್ಲ. ಮಾಲ್ಡೀವ್ಸ್‌ನಲ್ಲಿಯೂ ಹಿಂದೆ ಬ್ರಾಹ್ಮಿ ಕುಲದ ಲಿಪಿಯೇ ಇತ್ತು, ಎಡದಿಂದ ಬಲಕ್ಕೆ ಬರೆಯುತ್ತಿದ್ದರು. ಈಗಿನ ತಾನಾ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ, ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದಲೂ ಮುಂದಿನ ಒಂಬತ್ತು ಸ್ಥಳೀಯ ಅಂಕಿಗಳಿಂದಲೂ ರೂಪುಗೊಂಡವು. ಅಂಕಿಗಳನ್ನೇ ಅಕ್ಷರ ಮಾಡಿಕೊಂಡ ಇಂಥ ಲಿಪಿ ಜಗತ್ತಿನಲ್ಲಿ ಬಲು ಅಪರೂಪ.

ವಸಾಹತು ಕಾಲದಲ್ಲಿ ಅಂತರ ಇನ್ನಷ್ಟು ಹೆಚ್ಚಿತು. ಬೆಟ್ಟವಿದ್ದ ಶ್ರೀಲಂಕಾ ತೋಟಗಾರರಿಗೆ ಬೇಕಾಯಿತು. ಪೋರ್ಚುಗೀಸರು, ಡಚ್ಚರ ನಂತರ ಬಂದ ಬ್ರಿಟಿಷರು 1815ರಲ್ಲಿ ಕ್ಯಾಂಡಿಯನ್ನೂ ವಶಪಡಿಸಿಕೊಂಡು ಕಾಡು ಕಡಿದು ಕಾಫಿ ಹಾಕಿದರು. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಕಾಫಿಯನ್ನು ನುಂಗಿದ ಮೇಲೆ ಚಹಾ ಬಂತು. ತೋಟಗಳಿಗೆ ಕರೆತಂದ ತಮಿಳು ಕೂಲಿಗಳ ವಂಶಜರಲ್ಲಿ ಬಹುಪಾಲು ಜನರನ್ನು ಸ್ವತಂತ್ರ ಸಿಲೋನಿನ 1948ರ ಪೌರತ್ವ ಕಾಯಿದೆ ನಾಡಿಲ್ಲದವರನ್ನಾಗಿ ಮಾಡಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಭಾರತಕ್ಕೆ ಮರಳಿದವರಲ್ಲಿ ಹಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು, ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲಿದ್ದಾರೆ. 1956ರ ಸಿಂಹಳ ಭಾಷಾ ಕಾಯಿದೆ, 1983ರಿಂದ 2009ರವರೆಗಿನ ಯುದ್ಧ ಇವೆಲ್ಲ ಪ್ರತ್ಯೇಕ ಉತ್ತರವನ್ನೇ ಬೇಡುವ ವಿಷಯಗಳು, ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಮಾಲ್ಡೀವ್ಸ್‌ನಲ್ಲಿ ತೋಟ ಹಾಕುವ ನೆಲವೇ ಇರಲಿಲ್ಲ. 1887ರಲ್ಲಿ ಸಿಲೋನಿನ ಗವರ್ನರನ ಮೂಲಕ ಬ್ರಿಟಿಷರು ರಕ್ಷಣಾ ಒಪ್ಪಂದ ಮಾಡಿಕೊಂಡರು, ಒಳಾಡಳಿತ ಸುಲ್ತಾನನ ಕೈಯಲ್ಲೇ ಉಳಿಯಿತು. 1965ರ ಜುಲೈ 26ರಂದು ಸ್ವಾತಂತ್ರ್ಯ, 1968ರಲ್ಲಿ ಗಣರಾಜ್ಯ. ಅಲ್ಲಿಯವರೆಗೂ, ಆಮೇಲೂ, ರಾಜಧಾನಿ ಮಾಲೆಯ ಮುಖ್ಯ ಮಾರುಕಟ್ಟೆ ಕೊಲಂಬೊ. ಟ್ಯೂನಾ ಮೀನನ್ನು ಗಾಳದಿಂದ ಒಂದೊಂದಾಗಿ ಹಿಡಿದು, ಬೇಯಿಸಿ, ಹೊಗೆಗಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಬಿಸಿಲಲ್ಲಿ ಒಣಗಿಸಿದ ಸರಕು ಅಲ್ಲಿಗೆ ಹೋಗುತ್ತಿತ್ತು. ಸಿಂಹಳರು ಅದನ್ನು ಉಂಬಲಕಡ ಎನ್ನುತ್ತಾರೆ. ಕುಟ್ಟಿ ಪುಡಿಮಾಡಿ ತೆಂಗಿನತುರಿ, ಒಣಮೆಣಸು, ಈರುಳ್ಳಿ, ನಿಂಬೆಹುಳಿಯ ಜೊತೆ ಅರೆದರೆ ಅವರ ಮನೆಮನೆಯ ಪೊಲ್ ಸಂಬೋಲ. ಎರಡು ದೇಶಗಳ ನಂಟು ಇಂದಿಗೂ ಜೀವಂತವಾಗಿರುವುದು ಶಾಸನಗಳಿಗಿಂತ ಈ ಚಟ್ನಿಯಲ್ಲಿಯೇ ಎಂದು ನನಗನಿಸುತ್ತದೆ. 1970ರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿನಿಂದ ಶ್ರೀಲಂಕಾದ ಖರೀದಿ ಕುಸಿದಾಗ ಮಾಲ್ಡೀವ್ಸ್ ತತ್ತರಿಸಿತು. ಕಾಕತಾಳೀಯವಾಗಿ 1972ರಲ್ಲಿ ಅಲ್ಲಿ ಮೊದಲ ರೆಸಾರ್ಟ್ ತೆರೆಯಿತು, ಮುಂದಿನ ಕಥೆ ಮಧುಚಂದ್ರದ ಜಾಹೀರಾತುಗಳಿಂದ ಎಲ್ಲರಿಗೂ ಗೊತ್ತು.

ಮಾಲ್ಡೀವ್ಸ್ ಎಂಬುದು ನಮ್ಮ ಲಕ್ಷದ್ವೀಪದ ಮುಂದುವರಿಕೆಯೇ ಎಂಬುದನ್ನೂ ಇಲ್ಲಿ ಸೇರಿಸಬೇಕು. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಆಡುವ ಮಹಲ್ ದಿವೇಹಿಯ ಒಂದು ಉಪಭಾಷೆ, ಅಲ್ಲಿಂದ ಮಾಲ್ಡೀವ್ಸ್‌ನ ಉತ್ತರದ ತುದಿಗೆ ಸುಮಾರು 130 ಕಿ.ಮೀ. ಮಾತ್ರ. ಲಕ್ಷದ್ವೀಪದ ಅಮೀನ್‌ದಿವಿ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನಿಂದ ಅವುಗಳ ಆಡಳಿತ ನಡೆಯುತ್ತಿತ್ತು.

ನೀರಿನ ಲೆಕ್ಕ ಈ ಶತಮಾನದಲ್ಲೂ ಮುಗಿದಿಲ್ಲ. 2004ರ ಸುನಾಮಿಯಲ್ಲಿ ಶ್ರೀಲಂಕಾದಲ್ಲಿ 30,000ಕ್ಕೂ ಹೆಚ್ಚು ಜನ ಸತ್ತರೆ ಮಾಲ್ಡೀವ್ಸ್‌ನಲ್ಲಿ ಸತ್ತವರು ನೂರರ ಆಸುಪಾಸು. ಆಳ ಸಮುದ್ರದಿಂದ ಕಡಿದಾಗಿ ಮೇಲೆದ್ದ ಅಟಾಲ್‌ಗಳ ಬಳಿ ಅಲೆ ಉಬ್ಬಿ ಎತ್ತರಕ್ಕೇರಲು ಇಳಿಜಾರಿನ ದಂಡೆ ಇರಲಿಲ್ಲ. ಆದರೆ ಹರಿದುಹೋದ ಉಪ್ಪುನೀರು ಮರಳಿನಡಿಯ ಸಿಹಿನೀರಿನ ಪದರವನ್ನು ಹಲವು ದ್ವೀಪಗಳಲ್ಲಿ ಕೆಡಿಸಿತು. ಕಂದೊಳುದೂ ದ್ವೀಪದ ಜನರಂತೂ ಊರನ್ನೇ ಬಿಟ್ಟು ದುವಾಫರು ಎಂಬ ಬೇರೆ ದ್ವೀಪದಲ್ಲಿ ಹೊಸದಾಗಿ ನೆಲೆಸಬೇಕಾಯಿತು. ಶ್ರೀಲಂಕಾ 1970ರ ದಶಕದ ಕೊನೆಯಿಂದ ಮಹಾವೇಲಿ ನದಿಗೆ ಅಣೆಕಟ್ಟುಗಳನ್ನು ಕಟ್ಟಿ, ಅದರ ನೀರನ್ನು ಹಳೆಯ ರಾಜರ ಕೆರೆಗಳಿಗೇ ಹರಿಸಿ ಒಣಬಯಲಿನಲ್ಲಿ ಮತ್ತೆ ಭತ್ತ ಬೆಳೆಯುತ್ತಿದೆ. ಮಾಲೆಯಲ್ಲಿ ಅಷ್ಟು ಸಣ್ಣ ನೆಲದಲ್ಲಿ ಅಷ್ಟೊಂದು ಜನ ತುಂಬಿದ ಮೇಲೆ ಬಾವಿಗಳು ಉಪಯೋಗಕ್ಕೆ ಬಾರದಂತಾಗಿ, ನಗರ ಪೂರ್ತಿಯಾಗಿ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಯಂತ್ರಗಳನ್ನೇ ನೆಚ್ಚಿಕೊಂಡಿದೆ. 2014ರ ಡಿಸೆಂಬರ್‌ನಲ್ಲಿ ಆ ಸ್ಥಾವರಕ್ಕೆ ಬೆಂಕಿ ತಗುಲಿದಾಗ ಸುಮಾರು ಒಂದು ಲಕ್ಷ ಜನರಿಗೆ ಕುಡಿಯುವ ನೀರು ನಿಂತುಹೋಯಿತು. ಭಾರತ ವಿಮಾನಗಳಲ್ಲಿ ಬಾಟಲಿ ನೀರನ್ನೂ, ಹಡಗಿನಲ್ಲಿಯೇ ಉಪ್ಪು ತೆಗೆಯಬಲ್ಲ ನೌಕಾಪಡೆಯ ಹಡಗನ್ನೂ ಕಳಿಸಿಕೊಟ್ಟಿತು.