ಪೆಟ್ರೋಲ್ ಏರಿತು, ಕೂಲಿ ಏರಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಧನದ ಬೆಲೆಯ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಹಾಸಿಗೆ ಹಿಡಿದ ವೃದ್ಧರ ಆರೈಕೆ ನನ್ನ ಕೆಲಸ. ದಿನವೂ ಸ್ಕೂಟರಿನಲ್ಲಿ ಮನೆಯಿಂದ ಮನೆಗೆ ಓಡಾಡುತ್ತೇನೆ. ಪೆಟ್ರೋಲ್ ಬೆಲೆ ಏರುತ್ತಲೇ ಇದೆ, ನನ್ನ ಕೂಲಿ ಮಾತ್ರ ಇದ್ದಲ್ಲೇ ಇದೆ. ಹೆಚ್ಚು ಕೇಳಿದರೆ ಬೇರೆಯವರನ್ನು ಹುಡುಕಿಕೊಳ್ಳುತ್ತಾರೇನೋ ಎಂಬ ಅಳುಕು. ಕೇಳಬಹುದೇ?

ಉತ್ತರ: ಖಂಡಿತ ಕೇಳಿ ತಾಯಿ. ಆದರೆ ಲೆಕ್ಕ ಕೈಯಲ್ಲಿಟ್ಟುಕೊಂಡು ಕೇಳಿ.

ನಾನು ಬಹಳ ವರ್ಷ ಸರಕು ಸಾಗಣೆ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ದೊಡ್ಡ ಗಿರಾಕಿಗಳೊಂದಿಗಿನ ಕರಾರಿನಲ್ಲಿ ಇಂಧನಕ್ಕೆಂದೇ ಒಂದು ಷರತ್ತು ಇರುತ್ತಿತ್ತು. ಕರಾರಿನ ದಿನ ಇದ್ದ ಡೀಸೆಲ್ ಬೆಲೆಯೇ ಮೂಲ ಬೆಲೆ. ಅದಕ್ಕಿಂತ ಇಷ್ಟು ಏರಿದರೆ ಬಾಡಿಗೆ ಇಷ್ಟು ಏರುತ್ತದೆ, ಇಳಿದರೆ ಇಳಿಯುತ್ತದೆ. ಅದನ್ನು ಯಾರೂ ದುರಾಸೆ ಎನ್ನಲಿಲ್ಲ. ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚುತ್ತಿತ್ತು, ಹಣ ಬರುತ್ತಿತ್ತು. ವಿಮಾನ ಕಂಪನಿಗಳು, ಹಡಗು ಕಂಪನಿಗಳು ಕೂಡ ಇಂಧನದ ಹೆಸರಿನಲ್ಲಿ ಸರ್‌ಚಾರ್ಜ್ ವಸೂಲಿ ಮಾಡುತ್ತವೆ. ಏರಿದ ಬೆಲೆಯನ್ನು ಯಾರಿಗೂ ದಾಟಿಸಲಾಗದೆ ತಾವೇ ಹೊತ್ತುಕೊಳ್ಳುವವರು ನಿಮ್ಮಂಥವರು: ಮನೆ ಮನೆಗೆ ಹೋಗುವ ದಾದಿಯರು, ಪಾರ್ಸೆಲ್ ತಲುಪಿಸುವ ಹುಡುಗರು, ಪೈಪು ವೈರು ರಿಪೇರಿಗೆ ಓಡುವವರು. ಇದು ನನಗೆ ಬಹಳ ನೋವಿನ ಸಂಗತಿ. ಕಂಪನಿಗೆ ಸಲ್ಲುವ ನ್ಯಾಯ ಒಬ್ಬ ದುಡಿಮೆಗಾರ್ತಿಗೂ ಸಲ್ಲಬೇಕು.

ಈಗ ಲೆಕ್ಕ ನೋಡಿ. ನೀವು 100 ದುಡಿದಾಗ 20 ಪೆಟ್ರೋಲಿಗೆ ಹೋಗುತ್ತಿತ್ತು ಎಂದುಕೊಳ್ಳಿ. ಕೈಗೆ ಉಳಿಯುತ್ತಿದ್ದದ್ದು 80. ಪೆಟ್ರೋಲ್ ಬೆಲೆ ಶೇ 25ರಷ್ಟು ಏರಿದರೆ ಆ 20 ಈಗ 25 ಆಗುತ್ತದೆ, ಉಳಿಯುವುದು 75. ಯಾರೂ ಬಾಯಿಬಿಟ್ಟು ಹೇಳದೆ ನಿಮ್ಮ ನಿಜವಾದ ಕೂಲಿಯಲ್ಲಿ ಶೇ 6ಕ್ಕೂ ಹೆಚ್ಚು ಕಡಿತವಾಗಿದೆ. ಹಾಗಿದ್ದರೂ ನೀವು ಕೇಳಬೇಕಾದದ್ದು 100ಕ್ಕೆ 5 ಮಾತ್ರ. ‘ಪೆಟ್ರೋಲ್ ಶೇ 25 ಏರಿದೆ’ ಎಂದು ಮಾತು ತೆಗೆದರೆ ಕೇಳುವವರು ಗಾಬರಿಯಾಗುತ್ತಾರೆ. ‘ಓಡಾಟದ ಖರ್ಚಿಗೆ 100ಕ್ಕೆ 5 ಸೇರಿಸಿ ಕೊಡಿ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ಒಂದು ಚಿಕ್ಕ ಪುಸ್ತಕ ಇಡಿ. ಟ್ಯಾಂಕ್ ಪೂರ್ತಿ ತುಂಬಿಸಿದ ದಿನ ಮೀಟರಿನ ಕಿಲೋಮೀಟರ್ ಬರೆದುಕೊಳ್ಳಿ. ಮತ್ತೆ ಪೂರ್ತಿ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ದೂರ ಓಡಿದೆ ಎಂದು ಬರೆಯಿರಿ. ಕೆಲಸಕ್ಕೆ ಓಡಿದ್ದನ್ನೂ ಸ್ವಂತಕ್ಕೆ ಓಡಿದ್ದನ್ನೂ ಬೇರೆ ಮಾಡಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿಯೂ ಕೆಲಸದ ದಾರಿಯೇ, ಅದನ್ನು ಬಿಡಬೇಡಿ. ಕೂಲಿ ಬೇರೆ, ಪ್ರಯಾಣದ ಖರ್ಚು ಬೇರೆ ಎಂದು ಎರಡು ಬಾಬ್ತುಗಳಾಗಿ ಕೇಳಿ. ಬೆಲೆ ಇಳಿದಾಗ ಪ್ರಯಾಣದ ಖರ್ಚನ್ನು ನಾನೇ ಇಳಿಸುತ್ತೇನೆ ಎಂದೂ ಹೇಳಿ. ಹಾಗೆ ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ. ಒಂದೇ ಬಡಾವಣೆಯ ಮನೆಗಳನ್ನು ಒಂದರ ಹಿಂದೊಂದಾಗಿ ಹೊಂದಿಸಿಕೊಡುವಂತೆಯೂ ಕೇಳಿಕೊಳ್ಳಿ. ಅದಕ್ಕೆ ಅವರ ಕಡೆಯಿಂದ ಒಂದು ಕಾಸೂ ಖರ್ಚಾಗುವುದಿಲ್ಲ.

ಪ್ರಶ್ನೆ: ಕಚ್ಚಾ ತೈಲ ದುಬಾರಿಯಾದ ಕೂಡಲೇ ಪೆಟ್ರೋಲ್ ಏರುತ್ತದೆ. ಅಗ್ಗವಾದಾಗ ಮಾತ್ರ ಏಕೆ ಅಷ್ಟೇ ಬೇಗ ಇಳಿಯುವುದಿಲ್ಲ?

ಉತ್ತರ: ನಿಮ್ಮ ಅನುಮಾನ ಸುಳ್ಳಲ್ಲ. ಬ್ರಿಟನ್ನಿನ ಪೆಟ್ರೋಲ್ ಬೆಲೆಗಳನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಬೇಕನ್ 1991ರಲ್ಲಿ ಇದನ್ನೇ ಬರೆದರು: ಬೆಲೆ ರಾಕೆಟ್ಟಿನಂತೆ ಏರುತ್ತದೆ, ಹಕ್ಕಿಯ ಗರಿಯಂತೆ ಇಳಿಯುತ್ತದೆ. ಏರುವಾಗ ಜನ ಅಗ್ಗದ ಬಂಕ್ ಹುಡುಕುತ್ತಾರೆ, ಇಳಿಯತೊಡಗಿದಾಗ ಸಮಾಧಾನಪಟ್ಟು ಹುಡುಕುವುದನ್ನು ನಿಲ್ಲಿಸುತ್ತಾರೆ. ಆಗ ಮಾರುವವರಿಗೂ ಅವಸರವಿರುವುದಿಲ್ಲ ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು.

ಇನ್ನೊಂದು ಕಾರಣ ಬೆಲೆಯೊಳಗೇ ಇದೆ. ನಾವು ಕೊಡುವ ಹಣದಲ್ಲಿ ಕಚ್ಚಾ ತೈಲದ್ದು ಒಂದು ಭಾಗ ಮಾತ್ರ. ಶುದ್ಧೀಕರಣ, ಸಾಗಣೆ, ಮಾರಾಟಗಾರರ ಪಾಲು, ತೆರಿಗೆ ಎಲ್ಲವೂ ಸೇರುತ್ತವೆ. ಹಲವು ದೇಶಗಳಲ್ಲಿ ತೆರಿಗೆ ಲೀಟರಿಗೆ ಇಷ್ಟೆಂದು ನಿಗದಿಯಾಗಿರುತ್ತದೆ, ತೈಲ ಅಗ್ಗವಾದರೂ ಅದು ಅಲ್ಲಾಡುವುದಿಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ (ತೈಲವನ್ನು ಮುಂದೆ ಪಡೆಯಲು ಈಗಲೇ ಮಾಡಿಕೊಳ್ಳುವ ಕರಾರಿನ ಬೆಲೆ) ಬ್ಯಾರೆಲ್ಲಿಗೆ ಮೈನಸ್ 37.63 ಡಾಲರಿಗೆ ಬಿತ್ತು. ತೈಲ ಇಡಲು ಜಾಗವಿಲ್ಲದೆ, ಕೊಂಡವರಿಗೇ ಹಣ ಕೊಡುವ ಸ್ಥಿತಿ. ಆ ದಿನವೂ ಬಂಕ್‌ನಲ್ಲಿ ಜನ ಹಣ ತೆತ್ತೇ ಪೆಟ್ರೋಲ್ ತುಂಬಿಸಿಕೊಂಡರು. ಜೊತೆಗೆ, ಕಚ್ಚಾ ತೈಲದ ವ್ಯಾಪಾರ ಬಹುಪಾಲು ಡಾಲರಿನಲ್ಲಿ. ತೈಲ ಇಳಿದ ಹೊತ್ತಿಗೇ ಕೊಳ್ಳುವ ದೇಶದ ನಾಣ್ಯವೂ ಕುಸಿದರೆ ಲಾಭ ಅಲ್ಲಿಗಲ್ಲಿಗೆ ಕರಗಿಹೋಗುತ್ತದೆ.

ಪ್ರಶ್ನೆ: ನನಗೆ ವಾಹನವೇ ಇಲ್ಲ. ಈ ಏರಿಕೆಯಿಂದ ನನಗೇನು?

ಉತ್ತರ: ನೀವು ತಿನ್ನುವ ತರಕಾರಿಗೆ ಲಾರಿ ಬೇಕು, ಹೊಲಕ್ಕೆ ಟ್ರ್ಯಾಕ್ಟರ್ ಬೇಕು, ಮೀನಿಗೆ ದೋಣಿ ಬೇಕು. ಇವೆಲ್ಲ ಹೆಚ್ಚಾಗಿ ಓಡುವುದು ಡೀಸೆಲಿನಲ್ಲಿ, ಪೆಟ್ರೋಲೂ ಡೀಸೆಲೂ ಬರುವುದು ಅದೇ ಕಚ್ಚಾ ತೈಲದಿಂದ. ಆದಾಯದ ಬಹುಪಾಲು ಊಟಕ್ಕೇ ಹೋಗುವ ಮನೆಗೆ ಈ ಪೆಟ್ಟು ಹೆಚ್ಚು ಆಳವಾಗಿ ಬೀಳುತ್ತದೆ.

ಪ್ರಶ್ನೆ: ಸರ್ಕಾರಗಳು ಸಬ್ಸಿಡಿ ಕೊಟ್ಟು ಬೆಲೆಯನ್ನು ಕಟ್ಟಿಹಾಕಬಾರದೇ?

ಉತ್ತರ: ಕಟ್ಟಿಹಾಕಿದ ಬೆಲೆಯ ಲಾಭ ಹೆಚ್ಚು ಇಂಧನ ಸುಡುವವರಿಗೆ ಹೆಚ್ಚಾಗಿ ಸಿಗುತ್ತದೆ. ದೊಡ್ಡ ಕಾರಿನವನಿಗೆ ದೊಡ್ಡ ಪಾಲು, ಸ್ಕೂಟರಿನವಳಿಗೆ ಚಿಕ್ಕ ಪಾಲು. ಆದ್ದರಿಂದ ಅದು ನನಗೆ ಒಳ್ಳೆಯ ದಾರಿ ಎನಿಸುವುದಿಲ್ಲ. ಹಾಗೆಂದು ಒಂದೇ ರಾತ್ರಿಯಲ್ಲಿ ಕಿತ್ತುಕೊಳ್ಳುವುದು ಕ್ರೌರ್ಯ. ನೈಜೀರಿಯಾ 2012ರ ಜನವರಿ 1ರಂದು ಸಬ್ಸಿಡಿ ತೆಗೆದಾಗ ಪೆಟ್ರೋಲ್ ಬೆಲೆ ದುಪ್ಪಟ್ಟಿಗೂ ಮೇಲೆ ಹೋಯಿತು, ದೇಶವ್ಯಾಪಿ ಮುಷ್ಕರ ನಡೆಯಿತು, ಅದೇ ತಿಂಗಳಲ್ಲಿ ಸರ್ಕಾರ ಬೆಲೆಯನ್ನು ಭಾಗಶಃ ಇಳಿಸಬೇಕಾಯಿತು. ಫ್ರಾನ್ಸಿನಲ್ಲಿ 2018ರ ನವೆಂಬರಿನಲ್ಲಿ ಇಂಧನ ತೆರಿಗೆ ಏರಿಕೆಯನ್ನು ವಿರೋಧಿಸಿ ಹಳದಿ ಅಂಗಿ ತೊಟ್ಟು ಬೀದಿಗಿಳಿದವರಲ್ಲಿ ಊರಾಚೆ ವಾಸಿಸುತ್ತ ಕೆಲಸಕ್ಕೆ ಕಾರನ್ನೇ ನಂಬಿದವರು ಬಹಳ ಮಂದಿ ಇದ್ದರು. ಆ ಏರಿಕೆಯನ್ನು ಅಲ್ಲಿನ ಸರ್ಕಾರ ಕೈಬಿಟ್ಟಿತು.

ಇಂಡೊನೇಷ್ಯಾ 2005ರಲ್ಲಿ ಬೆಲೆ ಏರಿಸುವಾಗಲೇ ಬಡ ಕುಟುಂಬಗಳ ಕೈಗೆ ನೇರವಾಗಿ ನಗದು ಕೊಟ್ಟಿತು. ಜರ್ಮನಿ 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಇಂಧನ ತೆರಿಗೆ ಇಳಿಸಿದ್ದರ ಜೊತೆಗೆ, ತಿಂಗಳಿಗೆ 9 ಯೂರೊ ಕೊಟ್ಟರೆ ಸ್ಥಳೀಯ ಬಸ್ಸು, ರೈಲುಗಳಲ್ಲಿ ಓಡಾಡಬಹುದು ಎಂದಿತು. ವಾಹನವಿಲ್ಲದವರನ್ನೂ ಮುಟ್ಟುವ ಇಂಥ ಕ್ರಮಗಳೇ ಮೊದಲು ಬರಬೇಕು.

ಪ್ರಶ್ನೆ: ಬೆಳಗಿನ ತಂಪಿನಲ್ಲಿ ತುಂಬಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆಯೇ? ಉಳಿಸಲು ಬೇರೆ ದಾರಿ ಇದೆಯೇ?

ಉತ್ತರ: ಬಂಕ್‌ನ ಟ್ಯಾಂಕ್ ನೆಲದಡಿಯಲ್ಲಿರುವುದರಿಂದ ದಿನದೊಳಗೆ ಅದರ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಟಯರಿನ ಗಾಳಿ ಸರಿಯಾಗಿರಲಿ, ಒಮ್ಮೆಲೇ ವೇಗ ಏರಿಸಿ ಒಮ್ಮೆಲೇ ಬ್ರೇಕ್ ಹಾಕುವ ಅಭ್ಯಾಸ ಬಿಡಿ. ಹೆದ್ದಾರಿಯಲ್ಲಿ ವೇಗ ತಗ್ಗಿಸಿ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಪ್ರತಿರೋಧ ನಾಲ್ಕರಷ್ಟಾಗುತ್ತದೆ. 1973ರಲ್ಲಿ ಅರಬ್ ದೇಶಗಳು ತೈಲ ಮಾರುವುದನ್ನು ನಿಲ್ಲಿಸಿದ ನಂತರ ಅಮೆರಿಕ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಪೆಟ್ರೋಲ್ ಉಳಿಸುತ್ತದೆ ಎಂದು ಮಾರುವ ಪುಡಿ, ಮಾತ್ರೆ, ಆಯಸ್ಕಾಂತಗಳಿಗೆ ಹಣ ಸುರಿಯಬೇಡಿ.